ಮೂರು ದಿನ ಶಾಲೆಗೆ ಹೋದ ಅಪ್ಪ

ಕತೆ ಹೇಳುವವನಿಗೆ ನಾಲಿಗೆ ಇದ್ದರೆ ಸಾಲದು, ಕೇಳುವವರ ಬಾಯಲ್ಲಿ ಒಂದು ‘ಹೂಂ’ ಇರಬೇಕು. ಕೊಟ್ಟಾರದ ನೋಣಯ್ಯನವರ ಮನೆಯಲ್ಲಿ ಇದು ದೇವರ ದೀಪದಷ್ಟೇ ಹಳೆಯ ನಿಯಮ. ಹೂಂ ನಿಂತಲ್ಲಿ ಕತೆ ನಿಲ್ಲುತ್ತದೆ. ರಾಜಕುಮಾರ ಹೊಳೆ ದಾಟುತ್ತಿದ್ದರೆ ಅಲ್ಲೇ, ಕುತ್ತಿಗೆಮಟ್ಟದ ನೀರಿನಲ್ಲೇ ನಿಂತಿರುತ್ತಾನೆ, ಮರುದಿನ ಮುಸ್ಸಂಜೆಯವರೆಗೆ. ನೋಣಯ್ಯನವರ ಮಗ ದೀಪೇಶ್ ಚಿಕ್ಕಂದಿನಲ್ಲಿ ಹೀಗೆ ಎಷ್ಟೋ ರಾಜಕುಮಾರರನ್ನು ನೀರಿನಲ್ಲಿ ಬಿಟ್ಟು ನಿದ್ದೆ ಹೋದವನು. ಈಗ ಅವನ ಮಗಳು ಪ್ರಾಪ್ತಿ, ಆರು ವರ್ಷದವಳು, ಅಜ್ಜನ ಮಡಿಲಿಗೆ ಒರಗಿ ಒಂದೇ ಒಂದು ಹೂಂ ತಪ್ಪಿಸದೆ ಕತೆ ಕೇಳುತ್ತಾಳೆ.

ಆ ಹೂಂ ಬಿಟ್ಟರೆ ಅವಳ ಬಾಯಿಂದ ಬೇರೆ ಏನೂ ಬರುವುದಿಲ್ಲ ಎಂಬುದು ದೀಪೇಶನಿಗೆ ಗೊತ್ತಾದದ್ದು ಎರಡು ವರ್ಷದ ನಂತರ ಗಲ್ಫಿನ ಜುಬೈಲಿನಿಂದ ರಜೆಯಲ್ಲಿ ಬಂದ ಮೇಲೆ.

ವಿಮಾನ ನಿಲ್ದಾಣದಲ್ಲಿ ಅವಳು ಅಮ್ಮನ ಹಿಂದೆ ಅಡಗಿದಾಗ ಅವನು ನಕ್ಕಿದ್ದ. ಎರಡು ವರ್ಷ ಆಯಿತಲ್ಲ, ನಾಚಿಕೆ ಇರಬೇಕು. ತಂದ ಗೊಂಬೆಯನ್ನು ಅವಳು ಮುಟ್ಟದೆ ಕುರ್ಚಿಯ ಮೇಲೆ ಬಿಟ್ಟಾಗಲೂ ನಕ್ಕಿದ್ದ. ಹತ್ತನೆಯ ದಿನ ಅವಳು ಓದುತ್ತಿದ್ದ ದೊಡ್ಡ ಶಾಲೆಯಿಂದ ಕರೆ ಬಂತು. ಗಂಡ ಹೆಂಡತಿ ಇಬ್ಬರೂ ಹೋಗಿ ಟೀಚರಿನ ಮುಂದೆ ಕೂತರು.

“ಚೌತಿ ರಜೆ ಕಳೆದು ಬಂದ ಮೇಲೆ ಇವಳು ಕ್ಲಾಸಿನಲ್ಲಿ ಬಾಯಿ ತೆರೆದಿಲ್ಲ ಸರ್. ಹಾಜರಿ ಕರೆದರೂ ಇಲ್ಲ. ಬಾತ್‌ರೂಮಿಗೆ ಹೋಗ್ಲಿಕ್ಕೂ ಕೇಳುವುದಿಲ್ಲ. ಎರಡು ಸಲ ಬೆಂಚಿನಲ್ಲೇ ಆಯ್ತು.”

ದೀಪೇಶ್ ಬೆರಳು ಮಡಚಿ ಲೆಕ್ಕ ಹಾಕಿದ. ಚೌತಿಯಿಂದ ಈ ಜನವರಿಯ ಕೊನೆಗೆ ಐದು ತಿಂಗಳು.

“ಮತ್ತೆ ಈಗ ಹೇಳುವುದಾ ನೀವು?”

“ಡೈರಿಯಲ್ಲಿ ಬರೆದಿದ್ದೇವೆ ಸರ್. ನಿಮ್ಮ ಮಿಸೆಸ್ ಸೈನ್ ಹಾಕಿದ್ದಾರೆ.”

ದೀಪೇಶ್ ಹೆಂಡತಿಯ ಮುಖ ನೋಡಿದ. ಕುಶಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. “ನಿಮಗೆ ಅಲ್ಲಿ ಟೆನ್ಶನ್ ಆಗುವುದು ಬೇಡ ಅಂತ ಹೇಳ್ಲಿಲ್ಲ,” ಎಂದಳು. “ಮನೆಯಲ್ಲಿ ನನ್ನ ಹತ್ತಿರ ಬೇಕು ಬೇಡ ಅಂತ ಒಂದೆರಡು ಮಾತು ಹೇಳ್ತಿದ್ದಳು. ನೀವು ಬಂದ ಮೇಲೆ ಅದೂ ನಿಂತಿತು.”

ಟೀಚರು ಇನ್ನೊಂದು ಮಾತು ಸೇರಿಸಿದರು. ಒಂದು ಕ್ಲಾಸಿನಲ್ಲಿ ಐವತ್ತೆರಡು ಮಕ್ಕಳು, ಇಂಥ ಮಗುವಿಗೆ ಬೇರೆ ಜಾಗ ನೋಡಿದರೆ ಒಳ್ಳೆಯದು. ದೀಪೇಶ್ ಎದ್ದು ನಿಂತ. ಜುಬೈಲಿನಲ್ಲಿ ಅವನು ಸಾರುವೆ ಕಟ್ಟಿಸುವ ಸ್ಕಾಫೋಲ್ಡಿಂಗ್ ಫೋರ್‌ಮನ್. ನಲವತ್ತು ಅಡಿ ಎತ್ತರದಲ್ಲಿ ಕೆಲಸ ಮಾಡುವವರಿಗೆ ಕೆಳಗಿನಿಂದ ಕೂಗಿ ಹೇಳುವುದೇ ಅವನ ಕೆಲಸ. ಆ ಕೂಗು ಗಂಟಲಿನವರೆಗೆ ಬಂದಿತ್ತು. ಆದರೆ ಹೊರಗೆ ಜಾರುಬಂಡಿಯ ಹತ್ತಿರ ಬೇರೆ ಮಕ್ಕಳು ಕಿರುಚುತ್ತ ಆಡುತ್ತಿರುವಾಗ ಪ್ರಾಪ್ತಿ ಜೊತೆಗೆ ಬಂದಿದ್ದ ಅಜ್ಜನ ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತದ್ದು ಕಂಡಿತು. ಕೂಗು ಹಿಂದಕ್ಕೆ ಇಳಿಯಿತು.

ಫಳ್ನೀರಿನಲ್ಲಿ ಕುಶಲಾ ಬಿಲ್ ಬರೆಯುವ ಮೆಡಿಕಲ್ ಶಾಪಿನ ಮೇಲಿನ ಮಾಳಿಗೆಯಲ್ಲಿ ಮಕ್ಕಳ ಡಾಕ್ಟರು ಇದ್ದರು. ಅವರು ಕಿವಿ ನೋಡಿದರು, ಗಂಟಲು ನೋಡಿದರು. “ಎಲ್ಲ ಸರಿ ಉಂಟು,” ಎಂದರು. “ಮಾತು ಒಳಗೆ ಉಂಟು. ಯಾವುದೋ ಹೆದರಿಕೆಯಿಂದ ಬಾಗಿಲು ಹಾಕಿಕೊಂಡಿದೆ. ಮದ್ದು ಇಲ್ಲ. ಮಕ್ಕಳು ಕಮ್ಮಿ ಇರುವ, ಸಮಾಧಾನದ ಶಾಲೆ ಒಂದು ಹುಡುಕಿ. ಆಮೇಲೆ ನನ್ನ ಹತ್ತಿರ ಬನ್ನಿ.”

ದೀಪೇಶನ ರಜೆಯಲ್ಲಿ ಉಳಿದದ್ದು ಹತ್ತೊಂಬತ್ತು ದಿನ. ಅಷ್ಟರೊಳಗೆ ಮಗಳನ್ನು ಒಂದು ಒಳ್ಳೆಯ ಕೈಗೆ ಒಪ್ಪಿಸದೆ ವಿಮಾನ ಹತ್ತುವುದಿಲ್ಲ ಎಂದು ಅವನು ಮನೆಯ ದೈವಕ್ಕೆ ಮೀಸಲಾದ ಮಂಚದ ಮುಂದೆ ನಿಂತು ಹೇಳಿಕೊಂಡ. ಆ ದೊಡ್ಡ ಶಾಲೆಯ ಮೇಲೆ ಅವನಿಗೆ ಬಂದ ಸಿಟ್ಟು ಸಣ್ಣದಲ್ಲ. ನನ್ನ ಮಗಳ ಮಾತನ್ನು ಅಲ್ಲಿ ಯಾರೋ ಕಿತ್ತುಕೊಂಡಿದ್ದಾರೆ ಎಂದು ದಿನಕ್ಕೆ ನಾಲ್ಕು ಸಲ ಹೇಳಿದ.

ಹುಡುಕಾಟ ಸುರುವಾಯಿತು. ಕೊಟ್ಟಾರದ ಜಂಕ್ಷನ್ ದಾಟಿದ ಮೇಲೆ ಹೊಸದಾಗಿ ಎದ್ದ ಒಂದು ಶಾಲೆಯಲ್ಲಿ ಪ್ರಿನ್ಸಿಪಾಲರು ಪ್ರಾಪ್ತಿಯ ಹೆಸರನ್ನು ಇಂಗ್ಲಿಷಿನಲ್ಲಿ ಮೂರು ಸಲ ಕೇಳಿದರು. ನಾಲ್ಕನೆಯ ಸಲ ಕೇಳುವ ಬದಲು ಗಡಿಯಾರ ನೋಡಿದರು. ಇನ್ನೊಂದು ಕಡೆ ಮಕ್ಕಳು ಕಮ್ಮಿ ಎಂದು ಹೇಳಿದ್ದರು, ಹೋಗಿ ನೋಡಿದರೆ ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಮೂವತ್ತೈದು ಮಕ್ಕಳು. “ಇದು ಸಣ್ಣ ಶಾಲೆ ಅಲ್ಲ ಮಗಾ, ಶಾಲೆ ಸಣ್ಣದು,” ಎಂದರು ಜೊತೆಗೆ ಬಂದಿದ್ದ ನೋಣಯ್ಯ. ದೀಪೇಶನಿಗೆ ನಗು ಬರಲಿಲ್ಲ. ಹದಿಮೂರು ದಿನ ಉಳಿದಿತ್ತು.

ದಾರಿ ತೋರಿಸಿದವರು ಬೀಫಾತಿಮ್ಮ. ತಿಂಗಳಿಗೊಮ್ಮೆ ಸಕ್ಕರೆ ಕಾಯಿಲೆಯ ಮಾತ್ರೆ ಕೊಳ್ಳಲು ಕುಶಲಾಳ ಮೆಡಿಕಲ್ ಶಾಪಿಗೆ ಬರುವ ಅಜ್ಜಿ. ಕುಶಲಾಳ ಕಣ್ಣು ಕೆಂಪಾದದ್ದು ಕಂಡು, ಮಾತ್ರೆ ಅಲ್ಲೇ ಬಿಟ್ಟು ವಿಷಯ ಪೂರ್ತಿ ಕೇಳಿದರು.

“ಉರ್ವ ಮಾರ್ಕೆಟಿನ ಹಿಂದೆ ಫ್ಲಾವಿಯಾ ಬಾಯಿಯ ಶಾಲೆ ಉಂಟು ಮಗಳೇ. ನನ್ನ ಮೊಮ್ಮಗ ಎರಡು ವರ್ಷ ಕಲಿತದ್ದು ಅಲ್ಲೇ. ಆದರೆ ಒಂದು ಉಂಟು, ಅಲ್ಲಿ ಸೇರಿಸುವ ಮುಂಚೆ ಮೂರು ದಿನ ಕೂತ್ಕೊಳ್ಳಬೇಕು.”

“ಮಗು ಕೂತ್ಕೊಳ್ತದೆ ಅಜ್ಜಿ, ಅದು ಗಲಾಟೆ ಮಾಡುವ ಮಗು ಅಲ್ಲ.”

“ಮಗು ಅಲ್ಲ ಮಾರಾಯ್ತಿ. ನೀನು, ನಿನ್ನ ಗಂಡ.”

ಶಾಲೆ ಎಂದರೆ ಒಂದು ಹಳೆಯ ಹೆಂಚಿನ ಮನೆ. ಮುಂದೆ ಜಗಲಿ, ಪಕ್ಕದಲ್ಲಿ ಬಲೆ ಹಾಸಿದ ಬಾವಿ, ಹಿತ್ತಲಲ್ಲಿ ಹುಳಿ ಹಣ್ಣಿನ ಎರಡು ಬಿಂಬುಳಿ ಮರ. ಒಟ್ಟು ಇಪ್ಪತ್ತೊಂದು ಮಕ್ಕಳು. ಫ್ಲಾವಿಯಾ ಟೀಚರಿಗೆ ಅರವತ್ತರ ಮೇಲೆ ವಯಸ್ಸು, ಕುತ್ತಿಗೆಯಲ್ಲಿ ಸಣ್ಣ ಶಿಲುಬೆ. ಅವರು ಪ್ರಾಪ್ತಿಯ ಹೆಸರು ಕೇಳಲಿಲ್ಲ. ಮೆಟ್ಟಿಲ ಮೇಲೆ ಮಲಗಿದ್ದ ಬೆಕ್ಕನ್ನು ತೋರಿಸಿ, “ಇದು ಎದ್ದರೆ ನನಗೆ ಬಂದು ಹೇಳುವ ಕೆಲಸ ನಿನ್ನದು, ಹೇಳದಿದ್ದರೂ ತೊಂದರೆ ಇಲ್ಲ,” ಎಂದು ಒಳಗೆ ನಡೆದರು. ಆಮೇಲೆ ಒಂದು ಬಿಸ್ಕತ್ತಿನ ತಗಡಿನ ಡಬ್ಬ ತಂದು ದೊಡ್ಡವರ ಮುಂದೆ ಹಿಡಿದರು.

“ಫೋನು ಇದರೊಳಗೆ ಹಾಕಿ. ಸಂಜೆ ಹೋಗುವಾಗ ಕೊಡ್ತೇನೆ.”

“ಮಗುವಿಗೆ ಟೆಸ್ಟ್ ಎಂತ ಇಲ್ವಾ ಟೀಚರ್?” ದೀಪೇಶ್ ಕೇಳಿದ.

“ಇಲ್ಲ. ಇಲ್ಲಿ ಜಗಲಿಯಲ್ಲಿ ಕೂತ್ಕೊಳ್ಳಿ. ಅಲಸಂಡೆ ಉಂಟು, ಮಧ್ಯಾಹ್ನದ ಪಲ್ಯಕ್ಕೆ ಮುರಿದು ಕೊಡಿ. ಎಸ್ತೆರ್ ತೋರಿಸ್ತಾಳೆ.”

ಎಸ್ತೆರ್ ಎಂದರೆ ಅಲ್ಲಿಯ ಇನ್ನೊಬ್ಬ ಟೀಚರು, ಸುಮಾರು ಇಪ್ಪತ್ತೈದು ವರ್ಷದವಳು, ದಪ್ಪ ಗಾಜಿನ ಕನ್ನಡಕ. ಅವಳು ದೀಪೇಶನ ಕೈಗೆ ಬುಟ್ಟಿ ಕೊಟ್ಟಳು. ಎಂಬತ್ತು ಜನರ ಮೇಲೆ ಅಧಿಕಾರ ನಡೆಸುವ ಫೋರ್‌ಮನ್ ಅಲಸಂಡೆ ಮುರಿಯುತ್ತ ಕೂತ. ಕುಶಲಾ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಎಷ್ಟೋ ದಿನದ ಮೇಲೆ ಅವಳು ನಕ್ಕದ್ದು.

ಮೊದಲ ದಿನ ದೇವರು ಕಣ್ಣು ಬಿಟ್ಟ ಹಾಗೆಯೇ ಕಳೆಯಿತು. ಪ್ರಾಪ್ತಿ ಮಧ್ಯಾಹ್ನದವರೆಗೆ ಬೆಕ್ಕಿನ ಪಕ್ಕದಲ್ಲಿ ಕೂತಳು. ಆಮೇಲೆ ಬಿಂಬುಳಿ ಹಣ್ಣು ಹೆಕ್ಕಿ ಸಾಲಾಗಿ ಇಟ್ಟಳು. ಎಸ್ತೆರ್ ಟೀಚರು ಜಗಲಿಯಲ್ಲಿ ಐದು ಮಕ್ಕಳಿಗೆ ಮೊಸಳೆಯ ಕತೆ ಹೇಳುತ್ತಿದ್ದಾಗ, ಕಂಬದ ಹಿಂದಿನಿಂದ ಒಂದು ಸಣ್ಣ ‘ಹೂಂ’ ಕೇಳಿಸಿತು. ಎಸ್ತೆರ್ ತಿರುಗಿ ನೋಡಲಿಲ್ಲ, ಕತೆ ಮುಂದುವರಿಸಿದಳು. ದೀಪೇಶನ ಕೈಯಲ್ಲಿದ್ದ ಅಲಸಂಡೆ ಬುಟ್ಟಿಗೆ ಬೀಳದೆ ನೆಲಕ್ಕೆ ಬಿತ್ತು. ಮನೆಯ ಹೊರಗೆ ಅವಳು ಹೂಂ ಎಂದದ್ದನ್ನು ಅವನು ಕೇಳಿರಲೇ ಇಲ್ಲ. ಸಂಜೆ ಹೊರಡುವಾಗ ಬೆಕ್ಕು ಎದ್ದು ಮೈ ಮುರಿಯಿತು. ಪ್ರಾಪ್ತಿ ಫ್ಲಾವಿಯಾ ಟೀಚರಿನ ಹತ್ತಿರ ಓಡಿ ಹೋಗಿ, ಅವರ ಸೀರೆ ಎಳೆದು, ಬೆರಳು ತೋರಿಸಿದಳು.

“ನೋಡಿದ್ಯಾ?” ಸ್ಕೂಟರಿನಲ್ಲಿ ಬರುವಾಗ ದೀಪೇಶ್ ಹೆಂಡತಿಗೆ ಹೇಳಿದ. “ಒಂದೇ ದಿನದಲ್ಲಿ. ಎಲ್ಲ ಆ ದೊಡ್ಡ ಶಾಲೆಯವರ ಕಿತಾಪತಿ. ನಾನು ಅವರನ್ನು ಬಿಡುವುದಿಲ್ಲ.”

ಇಬ್ಬರ ನಡುವೆ ಒತ್ತಿಕೊಂಡು ಕೂತಿದ್ದ ಪ್ರಾಪ್ತಿ ಅಮ್ಮನ ಕಡೆಗೆ ಇನ್ನಷ್ಟು ಸರಿದದ್ದು ಅವನ ಬೆನ್ನಿಗೆ ತಿಳಿಯಿತು. ಚಳಿ ಇರಬೇಕು ಎಂದುಕೊಂಡ.

ಎರಡನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತಗಡಿನ ಡಬ್ಬದೊಳಗೆ ಫೋನು ಬಡಿದುಕೊಂಡಿತು.

ಅದು ದೀಪೇಶನ ಫೋನು. ಸೈಲೆಂಟಿಗೆ ಹಾಕಲು ಮರೆತಿದ್ದ. ಡಬ್ಬದ ತಗಡು ಸೇರಿಕೊಂಡು ಆ ವಿಡಿಯೋ ಕಾಲಿನ ಸದ್ದು ಇಡೀ ಮನೆಗೆ ಕೇಳಿಸಿತು. ಎಸ್ತೆರ್ ಓಡಿ ಬಂದು ಮುಚ್ಚಳ ತೆಗೆದಾಗ ಪರದೆಯ ಮೇಲೆ ಹಿಶಾಮನ ಹೆಸರು. ಜುಬೈಲಿನಲ್ಲಿ ದೀಪೇಶನ ಜೊತೆ ಒಂದೇ ರೂಮಿನಲ್ಲಿರುವ ಉಳ್ಳಾಲದವನು. ದೀಪೇಶ್ ನಾಚಿಕೊಂಡು ಕಾಲ್ ಕಟ್ ಮಾಡಿ, ಸಾರಿ ಟೀಚರ್ ಎಂದು ಮತ್ತೆ ಬುಟ್ಟಿಯ ಮುಂದೆ ಕೂತ. ಅರ್ಧ ನಿಮಿಷ ಆಗಿರಬಹುದು. ಬಿಂಬುಳಿ ಮರದ ಕೆಳಗೆ ನೋಡಿದ. ಹಣ್ಣಿನ ಸಾಲು ಇತ್ತು. ಮಗಳು ಇರಲಿಲ್ಲ.

“ಪ್ರಾಪ್ತಿ ಎಲ್ಲಿ?”

ಕುಶಲಾ ಎದ್ದಳು. ಎಸ್ತೆರ್ ಒಳಗೆ ನೋಡಿದಳು. ಬೆಕ್ಕಿನ ಹತ್ತಿರ ಇಲ್ಲ. ಬಾತ್‌ರೂಮಿನಲ್ಲಿ ಇಲ್ಲ. ಗೇಟಿಗೆ ಒಳಗಿನಿಂದ ಚಿಲಕ ಹಾಕಿಯೇ ಇತ್ತು. ದೀಪೇಶನ ಕಣ್ಣು ಬಾವಿಯ ಕಡೆ ಹೋಯಿತು. ಬಲೆಯ ಒಂದು ಮೂಲೆ, ನೀರು ಸೇದಲು ಬಿಟ್ಟ ಜಾಗದಲ್ಲಿ, ತೆರೆದಿತ್ತು.

ಆ ಹದಿನೈದು ಹೆಜ್ಜೆಯನ್ನು ಅವನು ಹೇಗೆ ನಡೆದನೋ ಅವನಿಗೇ ತಿಳಿಯದು. ಕಟ್ಟೆಗೆ ಎದೆಯಾನಿಸಿ ಬಗ್ಗಿ ನೋಡಿದ. ಕೆಳಗೆ ಕಪ್ಪು ನೀರು, ನೀರಿನಲ್ಲಿ ಅವನದೇ ಮುಖ, ಒಂದು ತೇಲುವ ಎಲೆ. ಅಷ್ಟೇ. ಆದರೂ ಬಾಯಿಯಿಂದ ಕೂಗು ಹೊರಟಿತು, ಜುಬೈಲಿನ ಕೂಗು, ನಲವತ್ತು ಅಡಿ ಮೇಲಿನವರಿಗೂ ಕೇಳುವಂಥದ್ದು. “ಪ್ರಾಪ್ತೀ!”

“ಕೂಗಬೇಡಿ,” ಎಂದರು ಫ್ಲಾವಿಯಾ ಟೀಚರು ಹಿಂದಿನಿಂದ, ಮೆಲ್ಲಗೆ. “ಸಿಕ್ಕಿದಳು. ಚಪ್ಪಲಿ ಬಿಟ್ಟು ನನ್ನ ಜೊತೆ ಬನ್ನಿ. ಮಾತಾಡಬೇಡಿ.”

ಅಡುಗೆಕೋಣೆಯ ಹಿಂದೆ ಅಕ್ಕಿಯ ಗೋಣಿ ಇಡುವ ಕತ್ತಲೆಕೋಣೆ. ಬಾಗಿಲಲ್ಲಿ ಎಸ್ತೆರ್ ನಿಂತಿದ್ದಳು. ಅವಳು ಪಿಸುಮಾತಿನಲ್ಲಿ ಹೇಳಿದಳು, “ನಾನು ಮೊದಲು ಪ್ರಾರ್ಥನೆ ಮಾಡ್ತಿದ್ದಾಳೆ ಅಂದ್ಕೊಂಡೆ ಸರ್. ನಿಮ್ಮವರು ಗಣಪತಿ ದೇವರ ಮುಂದೆ ಹೀಗೆ ಕಿವಿ ಹಿಡೀತಾರಲ್ಲ, ಹಾಗೆ.”

ಪ್ರಾಪ್ತಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಬಲಗೈಯಲ್ಲಿ ಎಡಕಿವಿ, ಎಡಗೈಯಲ್ಲಿ ಬಲಕಿವಿ. ಗೋಡೆಯಲ್ಲಿ ದೇವರ ಪಟ ಇರಲಿಲ್ಲ, ಸುಣ್ಣ ಮಾತ್ರ ಇತ್ತು. ಅವಳು ಮಾತನಾಡುತ್ತಿದ್ದಳು.

“ಸಾರಿ ಪಪ್ಪ. ಇನ್ನು ಮಾಡುವುದಿಲ್ಲ ಪಪ್ಪ. ಅನ್ನ ಎಲ್ಲ ತಿನ್ತೇನೆ ಪಪ್ಪ. ಹೋಮ್‌ವರ್ಕ್ ಮಾಡ್ತೇನೆ ಪಪ್ಪ. ಅಮ್ಮನಿಗೆ ಉಪದ್ರ ಕೊಡುವುದಿಲ್ಲ ಪಪ್ಪ. ಸಾರಿ ಪಪ್ಪ. ಇನ್ನು ಮಾಡುವುದಿಲ್ಲ ಪಪ್ಪ.”

ಐದು ತಿಂಗಳು ಅಮ್ಮನ ಹೊರತು ಯಾರಿಗೂ ಕೇಳದ ದನಿ. ಒಂದು ತೊದಲಿಲ್ಲ, ಒಂದು ಅಕ್ಷರ ತಪ್ಪಿಲ್ಲ. ಕಲಿತ ಪದ್ಯದ ಹಾಗೆ ಮುಗಿದಲ್ಲಿಂದ ಮತ್ತೆ ಸುರುವಾಗುತ್ತಿತ್ತು.

ಆ ಪದ್ಯವನ್ನು ಬರೆದವನು ದೀಪೇಶನೇ.

ಪ್ರತಿ ಸಂಜೆ ದೇವರಿಗೆ ದೀಪ ಇಟ್ಟಾದ ಮೇಲೆ ಕುಶಲಾ ವಿಡಿಯೋ ಕಾಲ್ ಮಾಡುತ್ತಿದ್ದಳು. ಅಲ್ಲಿ ಅವನು ಆಗಷ್ಟೇ ಡ್ಯೂಟಿ ಮುಗಿಸಿ ಹೆಲ್ಮೆಟ್ ಕಳಚಿರುತ್ತಿದ್ದ. “ನೋಡಿ, ನಿಮ್ಮ ಮಗಳು ಇವತ್ತು ಊಟ ಮಾಡ್ಲಿಲ್ಲ, ನೀವೇ ಹೇಳಿ,” ಎಂದು ಅವಳು ಮಗುವಿನ ಮುಂದೆ ಫೋನು ಹಿಡಿಯುತ್ತಿದ್ದಳು. ಹುಬ್ಬು ಗಂಟಿಕ್ಕಿ ಎಂದು ಕಣ್ಸನ್ನೆ ಮಾಡುತ್ತಿದ್ದಳು. ಅವನು ಹುಬ್ಬು ಗಂಟಿಕ್ಕುತ್ತಿದ್ದ. “ಕಿವಿ ಹಿಡಿ. ಎಂತ ಹೇಳ್ಬೇಕು? ಜೋರು ಹೇಳು.” ಒಂದು ನಿಮಿಷ, ಹೆಚ್ಚೆಂದರೆ ಎರಡು. ಆಮೇಲೆ ಮಗುವನ್ನು ಆಚೆ ಕಳಿಸಿ ಗಂಡ ಹೆಂಡತಿ ಊರಿನ ಸುದ್ದಿ ಮಾತಾಡುತ್ತಿದ್ದರು. ಚೌತಿಯ ನಂತರ ಮಗಳ ತುಟಿ ಮಾತ್ರ ಅಲ್ಲಾಡಿ ದನಿ ಬಾರದಿದ್ದಾಗ ಅವನು ನೆಟ್‌ವರ್ಕ್ ಸರಿ ಇಲ್ಲ ಎಂದುಕೊಂಡಿದ್ದ. ಫೋನು ಇಟ್ಟ ಮೇಲೆ ಪಕ್ಕದ ಮಂಚದಿಂದ ಹಿಶಾಮ್ ಕೇಳುತ್ತಿದ್ದ, “ಪೊಲೀಸ್ ಸ್ಟೇಷನ್ ಮುಚ್ಚಿತಾ ಮಾರಾಯ?” ಇಬ್ಬರೂ ನಗುತ್ತಿದ್ದರು.

“ಪ್ರಾಪ್ತಿ,” ಎಂದು ದೀಪೇಶ್ ಈಗ ಕರೆದ. ಕೂಗಲಿಲ್ಲ, ಕರೆದ.

ಅವಳು ತಿರುಗಲಿಲ್ಲ. ಕಿವಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು, ಬೆರಳ ತುದಿ ಬೆಳ್ಳಗಾಗುವಷ್ಟು. ಪದ್ಯ ಇನ್ನಷ್ಟು ವೇಗವಾಗಿ ಸುರುವಾಯಿತು.

ಫ್ಲಾವಿಯಾ ಟೀಚರು ಅವನ ತೋಳು ಹಿಡಿದು ಹೊರಗೆ ಕರೆತಂದರು. ಒಳಗೆ ಎಸ್ತೆರ್ ನೆಲದಲ್ಲಿ ಕೂತು ಗೋಣಿಯಿಂದ ಒಂದು ಹಿಡಿ ಅಕ್ಕಿ ತೆಗೆದು ಸುಮ್ಮನೆ ನೆಲದ ಮೇಲೆ ಗೆರೆ ಎಳೆಯುತ್ತಿದ್ದಳು.

ಜಗಲಿಗೆ ಬಂದ ಮೇಲೆ ದೀಪೇಶ್ ಹೆಂಡತಿಯ ಕಡೆ ತಿರುಗಿದ. “ನೀನು ಅಲ್ವಾ ಫೋನು ಹಿಡಿದು ತೋರಿಸಿದ್ದು? ನೀನು ಹೇಳಿದ್ದಕ್ಕೆ ನಾನು ಬೈದದ್ದು.”

“ಹೌದು,” ಎಂದಳು ಕುಶಲಾ. “ಬೆಳಿಗ್ಗೆ ಏಳಕ್ಕೆ ಎದ್ದು ಅಡುಗೆ ಮಾಡಿ, ಮಾವನಿಗೆ ಮದ್ದು ಕೊಟ್ಟು, ಒಂಬತ್ತಕ್ಕೆ ಶಾಪಿಗೆ ಹೋಗಿ ನಿಂತ್ಕೊಂಡು, ಸಂಜೆ ಬಂದು ಒಬ್ಬಳೇ ನೋಡ್ಕೊಳ್ಳಬೇಕು. ಪಪ್ಪನಿಗೆ ಹೇಳ್ತೇನೆ ಅಂದ್ರೆ ಕೂಡಲೇ ಊಟ ಮಾಡ್ತಿದ್ದಳು. ನನಗೆ ಅದೊಂದೇ ಇದ್ದದ್ದು.” ಅವಳು ಇನ್ನೊಂದು ಹೇಳಿದಳು, ಯಾರೂ ಕೇಳದಿದ್ದರೂ. “ಚೌತಿ ಕಳೆದ ಮೇಲೆ ಶಾಲೆಯ ಟೀಚರಿಗೂ ನಾನೇ ಹೇಳಿದ್ದು. ಮಾತು ಕೇಳದಿದ್ರೆ ಅವಳ ಪಪ್ಪನ ಹೆಸರು ಹೇಳಿ, ಅವರಿಗೆ ಮಾತ್ರ ಹೆದರ್ತಾಳೆ ಅಂತ. ಅವರು ಕ್ಲಾಸಿನಲ್ಲಿ ಮೊಬೈಲು ತೆಗೆದು ಕಿವಿಗಿಟ್ಟು, ಹಲೋ ಪ್ರಾಪ್ತಿಯ ಪಪ್ಪನಾ ಅಂತ ಕೇಳಿದ್ರಂತೆ. ಸುಮ್ಮನೆ, ನಾಟಕಕ್ಕೆ.”

ಅಲ್ಲಿಗೆ ಆ ಶಾಲೆಯವರ ಮೇಲೆ ಬೀಸಲು ಅವನ ಕೈಯಲ್ಲಿ ಉಳಿದಿದ್ದ ಒಂದು ಕೋಲೂ ಮುರಿಯಿತು. ದೊಡ್ಡ ಶಾಲೆಯವರು ಮಾತು ಕಿತ್ತುಕೊಂಡದ್ದು ಇರಬಹುದು, ಆದರೆ ಕೀಲಿಕೈ ಹೋದದ್ದು ಮನೆಯಿಂದ.

“ದಿನಕ್ಕೆ ಎಷ್ಟು ಹೊತ್ತು ಅವಳ ಹತ್ತಿರ ಮಾತಾಡ್ತಿದ್ರಿ?” ಫ್ಲಾವಿಯಾ ಟೀಚರು ಕೇಳಿದರು.

“ಎರಡು ನಿಮಿಷ.”

“ಎರಡು ವರ್ಷದಲ್ಲಿ ಅವಳಿಗೆ ಸಿಕ್ಕಿದ ಅಪ್ಪ ಅಷ್ಟೇ ಅಲ್ವಾ?” ಅವರು ಅದನ್ನು ಬೈಯುವ ಹಾಗೆ ಹೇಳಲಿಲ್ಲ. ಬುಟ್ಟಿಯಿಂದ ಒಂದು ಅಲಸಂಡೆ ತೆಗೆದು ತಾವೂ ಮುರಿದರು.

“ನಮಗೆ ಇಲ್ಲಿ ಸೀಟು ಸಿಗುವುದಿಲ್ಲ ಅಂತ ಗೊತ್ತಾಯ್ತು ಟೀಚರ್,” ಎಂದ ದೀಪೇಶ್.

“ಸೀಟು ನಿನ್ನೆ ಬೆಕ್ಕು ತೋರಿಸುವಾಗಲೇ ಕೊಟ್ಟಾಯ್ತು. ಅವಳಿಗೆ ಟೆಸ್ಟ್ ಇಲ್ಲ ಅಂತ ಹೇಳಿದೆನಲ್ಲ. ಈ ಮೂರು ದಿನ ನಿಮ್ಮಿಬ್ಬರಿಗೆ. ನಾಳೆ ಒಂದು ದಿನ ಬಾಕಿ ಉಂಟು, ಬನ್ನಿ. ಒಂದೇ ಕಂಡೀಷನ್. ಇನ್ನು ಮನೆಯಲ್ಲಿ ಯಾರ ಹೆಸರು ಹೇಳಿಯೂ ಅವಳನ್ನು ಹೆದರಿಸಬಾರದು. ಅಪ್ಪನದ್ದಲ್ಲ, ಪೊಲೀಸಿನದ್ದಲ್ಲ, ದೇವರದ್ದೂ ಅಲ್ಲ. ಮತ್ತೆ ಆ ಡಾಕ್ಟರ ಹತ್ತಿರ ಇದನ್ನೆಲ್ಲ ಹೇಳಿ, ಮುಚ್ಚಿಡಬೇಡಿ.”

ಸಂಜೆ ಮನೆಗೆ ಬಂದಾಗ ನೋಣಯ್ಯನವರು ದೀಪ ಹಚ್ಚುತ್ತಿದ್ದರು. ಪ್ರಾಪ್ತಿ ದಣಿದು ಸೋಫಾದಲ್ಲೇ ನಿದ್ದೆ ಹೋಗಿದ್ದಳು. ದೀಪೇಶ್ ಅಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದ. ಬೈಯಲಿ ಎಂದು ಕಾದ. ಮುದುಕ ಬೈಯಲಿಲ್ಲ. ಬತ್ತಿಯ ಎಣ್ಣೆ ಬೆರಳಿಗೆ ಹತ್ತಿದ್ದನ್ನು ಒರೆಸಿಕೊಳ್ಳದೆ ಚಾಪೆಯ ಮೇಲೆ ಕೂತುಬಿಟ್ಟರು.

“ನಾನೂ ಇದ್ದೇನೆ ಅದರಲ್ಲಿ ಮಗಾ.”

“ನೀವು ಅವಳಿಗೆ ಒಂದು ದಿನವೂ ಗದರಿದವರಲ್ಲ ಅಪ್ಪ.”

“ಗದರಲಿಲ್ಲ. ಏಳು ಕಡಲಿನ ಆಚೆಯ ರಾಕ್ಷಸನ ಕತೆ ಹೇಳಿದೆ. ನಿನಗೆ ಹೇಳಿದ್ದೇ. ಪೆಟ್ಟಿಗೆಯೊಳಗಿನಿಂದ ಮಾತಾಡುವವನು, ಎಲ್ಲಿದ್ದರೂ ಮಕ್ಕಳು ಮಾಡಿದ್ದೆಲ್ಲ ಅವನಿಗೆ ಕಾಣುವುದು. ಕಳೆದ ಮಳೆಗಾಲದಲ್ಲಿ, ಅವಳು ಆಗ ಮಾತಾಡ್ತಿದ್ದಳು, ಒಂದು ದಿನ ಕೇಳಿದಳು. ಅಜ್ಜ, ಕಡಲಿನ ಆಚೆ ಅಂದ್ರೆ ಪಪ್ಪ ಇರುವಲ್ಲಿಯಾ ಅಂತ. ನನಗೆ ನಿದ್ದೆ ತೂಗ್ತಿತ್ತು.” ನೋಣಯ್ಯನವರು ದೀಪದ ಕಡೆ ನೋಡಿದರು. “ನಾನು ಹೂಂ ಅಂದೆ.”

ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಅದೇ ದೀಪೇಶನನ್ನು ಹೆಚ್ಚು ಬೆಚ್ಚಿಸಿತು. ಪ್ರೀತಿಸುವ ಮೂವರು ಸೇರಿ, ಒಬ್ಬರಿಗೊಬ್ಬರು ತಿಳಿಯದೆ, ಒಂದು ರಾಕ್ಷಸನನ್ನು ಮಾಡಿ ಅದಕ್ಕೆ ದೀಪೇಶನ ಮುಖ ಇಟ್ಟಿದ್ದರು.

“ದೇವರ ಮುಂದೆಯೂ ಕಿವಿ ಹಿಡೀತೇವೆ,” ಎಂದರು ನೋಣಯ್ಯ. “ಆದರೆ ಅವ ನಮ್ಮ ತಪ್ಪು ಕೇಳಿದ ಮೇಲೆ ಆಚೆ ಹೋಗು ಅನ್ನುವುದಿಲ್ಲ ಮಗಾ. ಅಲ್ಲೇ ಕೂತಿರ್ತಾನೆ.”

ಮೂರನೆಯ ದಿನ ದೀಪೇಶ್ ಜಗಲಿಯ ಮೂಲೆಯಲ್ಲಿ, ಪ್ರಾಪ್ತಿಗೆ ಕಾಣುವಂತೆ, ಬೆಳಗಿನಿಂದ ಸಂಜೆಯವರೆಗೆ ಕೂತ. ಅವನಿಗೆ ಕೊಟ್ಟದ್ದು ಬೆಳ್ಳುಳ್ಳಿ ಸುಲಿಯುವ ಕೆಲಸ. ಮಗಳನ್ನು ಕರೆಯಲಿಲ್ಲ. ಅವಳು ಮೂರು ಸಲ ಕಂಬದ ಹಿಂದಿನಿಂದ ಇಣುಕಿ ನೋಡಿದಳು, ಈ ಮನುಷ್ಯ ನಿಜವಾಗಿಯೂ ಅಲ್ಲಿ ಇದ್ದಾನೆಯೇ ಎಂದು ಪರೀಕ್ಷಿಸುವ ಹಾಗೆ. ನಾಲ್ಕನೆಯ ಸಲ ಬೆಕ್ಕನ್ನು ಎತ್ತಿಕೊಂಡು ಬಂದು ಅವನಿಂದ ಒಂದು ಮಾರು ದೂರದಲ್ಲಿ ಇಟ್ಟು ಓಡಿದಳು. ಬೆಕ್ಕಿಗೆ ಬೆಳ್ಳುಳ್ಳಿಯ ವಾಸನೆ ಹಿಡಿಸಲಿಲ್ಲ, ಅದೂ ಓಡಿತು.

ಉಳಿದ ದಿನಗಳೂ ಹಾಗೇ ಹೋದವು. ಒಂದು ಮಾರು ಒಂದು ಮೊಳ ಆಯಿತು, ಅಷ್ಟೇ. ಅವನು ಹೊರಡುವ ದಿನ ಅವಳು ಗೊಂಬೆಯನ್ನು ಕುರ್ಚಿಯಿಂದ ಇಳಿಸಿ ನೆಲದಲ್ಲಿ ಕೂರಿಸಿದ್ದಳು. ಇನ್ನೂ ಎರಡು ತಿಂಗಳು ಇರುತ್ತೇನೆ ಎಂದು ಕಂಪೆನಿಗೆ ಬರೆದು ನೋಡಿದ್ದ, ಆಗಲಿಲ್ಲ. ಫ್ಲಾವಿಯಾ ಟೀಚರಿಗೂ ಡಾಕ್ಟರಿಗೂ ಕೇಳಿ ಮನೆಯವರು ಒಂದು ಒಪ್ಪಂದ ಮಾಡಿಕೊಂಡರು. ಇನ್ನು ಸಂಜೆಯ ಫೋನು ಇಲ್ಲ. ಗಂಡ ಹೆಂಡತಿ ಮಗು ಶಾಲೆಯಲ್ಲಿರುವಾಗ ಮಾತಾಡುವುದು. ಅಜ್ಜನ ಫೋನನ್ನು ದೇವರ ಕೋಣೆಯ ಹೊರಗಿನ ಮಣೆಯ ಮೇಲೆ ಇಡುವುದು. ಅಪ್ಪನಿಗೆ ಕರೆ ಮಾಡಬೇಕೆಂದು ಅವಳಿಗೇ ಅನಿಸಿದರೆ ಅವಳೇ ಒತ್ತಬೇಕು. ಅನಿಸದಿದ್ದರೆ ಇಲ್ಲ.

“ಅನಿಸದೇ ಇದ್ರೆ?” ಎಂದು ಅವನು ಕುಶಲಾಳಿಗೆ ಕೇಳಿದ್ದ. ಅವಳು ಅವನ ಅಂಗಿ ಮಡಚಿ ಬ್ಯಾಗಿಗೆ ಹಾಕಿದಳು.

ಜುಬೈಲಿನಲ್ಲಿ ಇಪ್ಪತ್ತಾರು ದಿನ ಕಳೆಯಿತು. ಸಂಜೆ ಹೆಲ್ಮೆಟ್ ಕಳಚಿದ ಮೇಲೆ ಅವನ ಕೈ ತಾನಾಗಿ ಫೋನಿಗೆ ಹೋಗುತ್ತಿತ್ತು. ಹಿಶಾಮ್ ಈಗ ಸ್ಟೇಷನ್ನಿನ ಸುದ್ದಿ ಎತ್ತುತ್ತಿರಲಿಲ್ಲ. ಪ್ರಾಪ್ತಿ ಶಾಲೆಯಲ್ಲಿ ಬೆಕ್ಕಿನ ಹತ್ತಿರ ಮಾತಾಡಿದಳು, ಎಸ್ತೆರ್ ಟೀಚರಿನ ಹತ್ತಿರ ಮಾತಾಡಿದಳು ಎಂದು ಕುಶಲಾ ಹೇಳುತ್ತಿದ್ದಳು. ಒಳ್ಳೆಯದಾಯಿತು ಎಂದು ಅವನು ಹೇಳುತ್ತಿದ್ದ. ಮಣೆಯ ಮೇಲಿನ ಫೋನಿನ ವಿಷಯ ಇಬ್ಬರೂ ತೆಗೆಯುತ್ತಿರಲಿಲ್ಲ.

ಇಪ್ಪತ್ತೇಳನೆಯ ದಿನ ಶುಕ್ರವಾರ, ವಾರದ ರಜೆ. ಮಧ್ಯಾಹ್ನ ಊಟಕ್ಕೆ ಕೂರುವಾಗ, ಊರಿನಲ್ಲಿ ಶಾಲೆ ಬಿಟ್ಟ ಹೊತ್ತಿಗೆ, ಫೋನು ಬಡಿದುಕೊಂಡಿತು. ಅಪ್ಪನ ನಂಬರು. ಅಪ್ಪನಿಗೆ ಏನೋ ಆಯಿತು ಎಂದೇ ಅವನಿಗೆ ಮೊದಲು ಹೊಳೆದದ್ದು. ತಟ್ಟೆ ಸರಿಸಿ ಒತ್ತಿದ. ಪರದೆಯ ಮೇಲೆ ಒಂದು ಫ್ಯಾನು ತಿರುಗುತ್ತಿತ್ತು, ಕೊಟ್ಟಾರದ ಮನೆಯ ಫ್ಯಾನು. ಆಮೇಲೆ ಒಂದು ಪಾದ. ಆಮೇಲೆ ಅರ್ಧ ಕೆನ್ನೆ, ಒಂದು ಕಣ್ಣು.

ಅವನು ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಹುಡುಕಿದ. ಈ ಫೋನಿನಲ್ಲಿ ಮಗಳಿಗೆ ತೋರಿಸಲು ಅವನ ಹತ್ತಿರ ಒಂದೇ ಮುಖ ಇತ್ತು, ಬೇರೆ ಮುಖವನ್ನು ಅವನು ಮಾಡಿಯೇ ಇರಲಿಲ್ಲ. ಅದು ಗೊತ್ತಾದಾಗ ಅವನಿಗೆ ಬಾವಿಯ ನೀರಿನಲ್ಲಿ ಕಂಡ ಮುಖ ನೆನಪಾಯಿತು.

“ಪಪ್ಪ,” ಎಂದಿತು ಆ ಕಡೆಯಿಂದ ಒಂದು ಸಣ್ಣ ದನಿ. “ನಾನು ಎಸ್ತೆರ್ ಟೀಚರಿನ ಕನ್ನಡಕದ ಮೇಲೆ ಕೂತೆ.”

ಅವನು ಕಾದ.

“ಅದು ತುಂಡಾಯ್ತು.”

ಪರದೆಯಲ್ಲಿ ಅವಳ ಒಂದು ಕೈ ಮೇಲಕ್ಕೆ ಎದ್ದಿತು. ಕಿವಿಯ ಹತ್ತಿರ ಬಂದು, ಮುಟ್ಟದೆ, ಅಲ್ಲೇ ನಿಂತಿತು. ಕುತ್ತಿಗೆಮಟ್ಟದ ನೀರಿನಲ್ಲಿ ನಿಂತವರ ಹಾಗೆ ಅವಳು ಅವನನ್ನು ನೋಡುತ್ತಿದ್ದಳು.

“ಹೂಂ,” ಎಂದ ದೀಪೇಶ್.

ಕೈ ನಿಂತಲ್ಲೇ ಇತ್ತು. ಮತ್ತೆ ಅದು ಕಿವಿಯನ್ನು ಬಿಟ್ಟು, ಹಣೆಯ ಮೇಲೆ ಬಿದ್ದ ಕೂದಲನ್ನು ಹಿಂದಕ್ಕೆ ತಳ್ಳಿತು.

“ಆಮೇಲೆ ಎಂತ ಆಯ್ತು ಗೊತ್ತುಂಟಾ,” ಎಂದಳು ಪ್ರಾಪ್ತಿ, “ಟೀಚರಿಗೆ ಬೆಕ್ಕು ಯಾವುದು, ಚೀಲ ಯಾವುದು ಗೊತ್ತಾಗ್ಲಿಲ್ಲ.”

“ಹೂಂ.”